ಅಂಕೋರ್‌ವಾಟ್ ನೋಡಲು ಹೋದವರು ಅನಾಥಾಶ್ರಮಕ್ಕೆ ಹೋಗಬೇಡಿ

ಮಾನ್ಯ ಸಂಪಾದಕರೇ,

ಕೊನೆಯ ಪರೀಕ್ಷೆ ಮುಗಿದು ಕೆಲಸಕ್ಕೆ ಸೇರುವ ನಡುವಿನ ಬಿಡುವಿನಲ್ಲಿ ಬೆನ್ನಿಗೊಂದು ಬ್ಯಾಗು ಏರಿಸಿಕೊಂಡು ಥಾಯ್ಲೆಂಡ್, ಕಾಂಬೋಡಿಯಾ, ವಿಯೆಟ್ನಾಂ, ನೇಪಾಳ ಸುತ್ತಿಬರುವ ನಮ್ಮ ಹುಡುಗ ಹುಡುಗಿಯರು ಈಗ ಕಡಿಮೆಯೇನಿಲ್ಲ. ಬರೀ ನೋಡಿ ಬರುವುದಕ್ಕಿಂತ ಏನಾದರೂ ಮಾಡಿ ಬರೋಣ ಎಂಬ ಆಸೆ ಅವರಲ್ಲಿ ಹಲವರಿಗೆ ಇರುತ್ತದೆ. ಅದು ಒಳ್ಳೆಯ ಆಸೆಯೇ. ಅಷ್ಟರಲ್ಲಿ ಮೊಬೈಲಿನಲ್ಲಿ ಒಂದು ಜಾಹೀರಾತು ಕಾಣುತ್ತದೆ: ಎರಡು ವಾರ ಅನಾಥ ಮಕ್ಕಳಿಗೆ ಇಂಗ್ಲಿಷ್ ಕಲಿಸಿ, ಊಟ ವಸತಿ ಸೇರಿ ಇಷ್ಟು ಡಾಲರ್. ಅನುಭವ ಬೇಡ, ಸಂದರ್ಶನ ಇಲ್ಲ, ಹಣ ಕಟ್ಟಿದರೆ ಸಾಕು. ಮಕ್ಕಳ ರಕ್ಷಣೆಯ ಕ್ಷೇತ್ರದಲ್ಲಿ ಕೆಲಸ ಮಾಡುವ ನಾವು ಈ ಯುವಕರಿಗೂ ಅವರ ಅಪ್ಪ ಅಮ್ಮಂದಿರಿಗೂ ಹೇಳಬೇಕಾದ ಮಾತು ಒಂದೇ. ಅಂಥ ಅನಾಥಾಶ್ರಮಕ್ಕೆ ಎರಡು ವಾರಕ್ಕೂ ಹೋಗಬೇಡಿ, ಎರಡು ಗಂಟೆಗೂ ಹೋಗಬೇಡಿ. ಏಕೆಂದು ಹೇಳುತ್ತೇವೆ, ಬದಲಿಗೆ ಏನು ಮಾಡಬಹುದೆಂದೂ ಹೇಳುತ್ತೇವೆ.

ಕಾಂಬೋಡಿಯಾವನ್ನೇ ತೆಗೆದುಕೊಳ್ಳಿ. 1975ರಿಂದ 1979ರವರೆಗಿನ ಖ್ಮೇರ್ ರೂಜ್ ಎಂಬ ಕಮ್ಯುನಿಸ್ಟ್ ಗುಂಪಿನ ಆಳ್ವಿಕೆಯಲ್ಲಿ ಅಲ್ಲಿ ಸುಮಾರು 17 ಲಕ್ಷ ಜನ ಸತ್ತರು. ಹಾಗಾಗಿ ಆ ದೇಶದ ಹೆಸರೆತ್ತಿದರೆ ಅನಾಥ ಮಕ್ಕಳು ನೆನಪಾಗುವುದು ಸಹಜ. ಆದರೆ ಆ ಕಾಲದಲ್ಲಿ ಅಪ್ಪ ಅಮ್ಮನನ್ನು ಕಳೆದುಕೊಂಡ ಮಕ್ಕಳಿಗೆ ಈಗ ಮೊಮ್ಮಕ್ಕಳಿರುವ ವಯಸ್ಸು. ಈ ಶತಮಾನದಲ್ಲಿ ಅಲ್ಲಿ ಯುದ್ಧ ಮುಗಿದಿತ್ತು, ಬಡತನವೂ ಇಳಿಯುತ್ತಿತ್ತು. ಹಾಗಿದ್ದೂ 2005ರಲ್ಲಿ 154 ಇದ್ದ ಅನಾಥಾಶ್ರಮಗಳು 2010ರ ಹೊತ್ತಿಗೆ 269 ಆದವು. ಅವುಗಳಲ್ಲಿದ್ದ ಮಕ್ಕಳು 11,945. ಸರ್ಕಾರ ನಡೆಸುತ್ತಿದ್ದುದು ಕೇವಲ 21, ಮಿಕ್ಕವು ಹೆಚ್ಚಾಗಿ ವಿದೇಶಿ ದುಡ್ಡಿನ ಮೇಲೆ ನಿಂತವು. ಯುನಿಸೆಫ್ ಮತ್ತು ಅಲ್ಲಿನ ಸಾಮಾಜಿಕ ವ್ಯವಹಾರಗಳ ಸಚಿವಾಲಯ ಸೇರಿ 2011ರಲ್ಲಿ ಹೊರತಂದ ಅಧ್ಯಯನ ಇದನ್ನೆಲ್ಲ ಲೆಕ್ಕಹಾಕಿತು. ಅದರಲ್ಲಿ ಎಲ್ಲರನ್ನೂ ಬೆಚ್ಚಿಬೀಳಿಸಿದ ಅಂಶ ಬೇರೆಯೇ ಇತ್ತು. ಈ 'ಅನಾಥ'ರಲ್ಲಿ ಸುಮಾರು ಮುಕ್ಕಾಲು ಪಾಲು ಮಕ್ಕಳಿಗೆ ಅಪ್ಪನೋ ಅಮ್ಮನೋ, ಕೆಲವರಿಗೆ ಇಬ್ಬರೂ ಬದುಕಿದ್ದರು. ಮುಂದೆ ದೇಶದಾದ್ಯಂತ ಎಣಿಸಿ 2017ರಲ್ಲಿ ಪ್ರಕಟಿಸಿದಾಗ ಸಂಸ್ಥೆಗಳ ಸಂಖ್ಯೆ 406, ಮಕ್ಕಳ ಸಂಖ್ಯೆ 16,579ಕ್ಕೆ ಮುಟ್ಟಿತ್ತು.

ಅನಾಥರು ಕಡಿಮೆಯಾಗುತ್ತಿರುವಾಗ ಅನಾಥಾಶ್ರಮ ಹೆಚ್ಚಿದ್ದು ಹೇಗೆ? ಅದೇ ಅವಧಿಯಲ್ಲಿ ಏರುತ್ತಿದ್ದದ್ದು ಪ್ರವಾಸಿಗರ ಸಂಖ್ಯೆ. 2019ರಲ್ಲಿ ಅಲ್ಲಿಗೆ ಬಂದ ವಿದೇಶಿಯರು 66 ಲಕ್ಷ. ಇಂಥ ಆಶ್ರಮಗಳು ಹೆಚ್ಚಾಗಿ ಕಾಣುವುದೂ ಕಡುಬಡತನದ ಮೂಲೆಯ ಹಳ್ಳಿಗಳಲ್ಲಲ್ಲ, ಅಂಕೋರ್‌ವಾಟ್ ದೇವಾಲಯದ ಪಕ್ಕದ ಸಿಯೆಮ್ ರೀಪ್, ರಾಜಧಾನಿ ನೋಮ್ ಪೆನ್, ಬೀಚಿರುವ ಸಿಹಾನೂಕ್‌ವಿಲ್ ಕಡೆ.

ವ್ಯವಹಾರ ನಡೆಯುವ ಬಗೆ ಹೀಗೆ. ಭತ್ತ ಬೆಳೆಯುವ ಬಡ ಮನೆ, ಮೈತುಂಬ ಸಾಲ. ಊರಿಗೆ ಬಂದವನೊಬ್ಬ 'ಪಟ್ಟಣದಲ್ಲಿ ಮೂರು ಹೊತ್ತು ಊಟ, ಇಂಗ್ಲಿಷ್ ಶಾಲೆ, ಎಲ್ಲ ಪುಕ್ಕಟೆ' ಎನ್ನುತ್ತಾನೆ. ಅಪ್ಪ ಅಮ್ಮ ಮಗುವನ್ನು ಬಿಟ್ಟುಕೊಡುತ್ತಿದ್ದೇವೆ ಎಂದು ತಿಳಿದಿರುವುದಿಲ್ಲ, ಓದಲು ಕಳಿಸುತ್ತಿದ್ದೇವೆ ಅಂದುಕೊಂಡಿರುತ್ತಾರೆ. ನಮ್ಮಲ್ಲಿ ಮಗನನ್ನು ಮಠದ ಉಚಿತ ವಸತಿನಿಲಯಕ್ಕೆ ಸೇರಿಸಿ ಬರುವ ರೈತ ಹೇಗೆ ಯೋಚಿಸುತ್ತಾನೋ ಹಾಗೆಯೇ. ಆದರೆ ಮಠದ ಹಾಸ್ಟೆಲಿನ ಹುಡುಗನನ್ನು ಯಾರೂ ಅನಾಥ ಎಂದು ಕರೆಯುವುದಿಲ್ಲ. ಹಬ್ಬಕ್ಕೆ ಅವನು ಊರಿಗೆ ಬರುತ್ತಾನೆ, ಅಪ್ಪ ಹೋಗಿ ಮಾತಾಡಿಸಿಕೊಂಡು ಬರುತ್ತಾನೆ. ಕಾಂಬೋಡಿಯಾದಲ್ಲಿ ಮಗುವಿನ ಕಾಗದ ತಿದ್ದಿ, ಅಪ್ಪ ಅಮ್ಮ ಸತ್ತಿದ್ದಾರೆಂದು ಬರೆದು, ಕೇಳಿದವರಿಗೆ ಹಾಗೆಯೇ ಹೇಳಬೇಕೆಂದು ಮಗುವಿಗೂ ಕಲಿಸಿಕೊಟ್ಟಿರುವ ಪ್ರಕರಣಗಳಿವೆ. ಇಂಥವರಿಗೆ 'ಕಾಗದದ ಅನಾಥರು' ಎಂಬ ಹೆಸರೇ ಬಿದ್ದಿದೆ.

ದುಡ್ಡು ಬರುವುದು ಮಕ್ಕಳು ಬಡವಾಗಿ ಕಾಣುವವರೆಗೆ. ಆದ್ದರಿಂದ ಕೆಟ್ಟ ಆಶ್ರಮದಲ್ಲಿ ಕಟ್ಟಡ ಸುಧಾರಿಸುವುದಿಲ್ಲ, ಮಕ್ಕಳ ಮೈ ತುಂಬುವುದಿಲ್ಲ. ಸಿಯೆಮ್ ರೀಪ್‌ನ ಪಬ್ ಸ್ಟ್ರೀಟ್‌ನಲ್ಲಿ ರಾತ್ರಿ ಹೊತ್ತು ಮಕ್ಕಳ ಕೈಯಲ್ಲೇ ಕರಪತ್ರ ಹಂಚಿಸಿ, ಸಂಜೆ ಅಪ್ಸರಾ ನೃತ್ಯ ಮಾಡಿಸಿ, ಕೊನೆಗೆ ದೇಣಿಗೆ ಡಬ್ಬಿ ತಿರುಗಿಸುವುದು ವರ್ಷಗಟ್ಟಲೆ ನಡೆದಿದೆ. 'ದುಡ್ಡು ಕೊಡಲ್ಲ, ಅಕ್ಕಿ ಕೊಡಿಸ್ತೀನಿ' ಎನ್ನುವ ಜಾಣ ಪ್ರವಾಸಿಗೂ ಅಲ್ಲಿ ಉತ್ತರ ಇದೆ: ಬೆಳಿಗ್ಗೆ ಕೊಡಿಸಿದ ಮೂಟೆ ಸಂಜೆ ಅದೇ ಅಂಗಡಿಗೆ ವಾಪಸು. ಅಂಗಡಿಯವನಿಗೊಂದಿಷ್ಟು, ಆಶ್ರಮದವನಿಗೊಂದಿಷ್ಟು.

'ನಾನು ಹೋಗುವ ಜಾಗ ಅಂಥದ್ದಲ್ಲ, ನಡೆಸುವವರು ಪ್ರಾಮಾಣಿಕರು' ಎನ್ನಬಹುದು. ಇರಬಹುದು. ಆದರೂ ಬೇಡ ಎನ್ನಲು ಕಾರಣ ಮಗುವಿನ ಮನಸ್ಸು. ಅಪರಿಚಿತರು ಗೇಟು ದಾಟಿದೊಡನೆ ಓಡಿಬಂದು ತೊಡೆಗೆ ಅಪ್ಪಿಕೊಳ್ಳುವ, ಹತ್ತು ನಿಮಿಷದಲ್ಲಿ ಮಡಿಲೇರಿ ಕೂರುವ ಮಗುವನ್ನು ಕಂಡು ಪ್ರವಾಸಿ ಕರಗಿಹೋಗುತ್ತಾನೆ. ನಮ್ಮ ಮನೆಯ ಮೂರು ವರ್ಷದ ಮಗು ಹೊಸಬರು ಬಂದರೆ ಏನು ಮಾಡುತ್ತದೆ? ಅಮ್ಮನ ಸೆರಗಿನ ಹಿಂದೆ ನಿಂತು ಇಣುಕುತ್ತದೆ. ಅದು ಆರೋಗ್ಯದ ಲಕ್ಷಣ. ಯಾರು ಬಂದರೂ ಅಪ್ಪಿಕೊಳ್ಳುವುದು, ತನ್ನವರೆಂದು ಗಟ್ಟಿಯಾಗಿ ಯಾರೂ ಇಲ್ಲದ ಮಗುವಿನ ಲಕ್ಷಣವೆಂದು ಮಕ್ಕಳ ಮನೋವೈದ್ಯರು ಬಹಳ ಹಿಂದೆಯೇ ಗುರುತಿಸಿದ್ದಾರೆ. ರುಮೇನಿಯಾದ ಬುಖಾರೆಸ್ಟ್‌ನಲ್ಲಿ 2000ದಲ್ಲಿ ಆರಂಭವಾದ ಅಧ್ಯಯನ ಆಶ್ರಮಗಳಲ್ಲಿದ್ದ 136 ಎಳೆಯ ಮಕ್ಕಳನ್ನು ಆರಿಸಿಕೊಂಡು, ಅರ್ಧದಷ್ಟು ಮಂದಿಯನ್ನು ಸಾಕುಮನೆಗಳಿಗೆ ಕಳಿಸಿ, ಎರಡೂ ಗುಂಪುಗಳನ್ನು ವರ್ಷಗಟ್ಟಲೆ ಗಮನಿಸಿತು. ಮನೆ ಸೇರಿದವರ ಬುದ್ಧಿ, ಮಾತು, ನಂಟು ಎಲ್ಲವೂ ಮೇಲಾಯಿತು. ಎರಡು ವರ್ಷ ತುಂಬುವ ಮುನ್ನವೇ ಮನೆ ಸೇರಿದವರಿಗೆ ಹೆಚ್ಚು ಲಾಭವಾಯಿತು.

ಇನ್ನು ಒಂದು ಸರಳ ಗುಣಾಕಾರ. ಒಬ್ಬ ಸ್ವಯಂಸೇವಕ ಇರುವುದು ಎರಡು ವಾರ ಎಂದಿಟ್ಟುಕೊಳ್ಳಿ. ವರ್ಷಕ್ಕೆ 26 ಮಂದಿ. ಐದು ವರ್ಷ ಅಲ್ಲಿ ಬೆಳೆಯುವ ಮಗು 130 ಜನರನ್ನು ಹಚ್ಚಿಕೊಂಡು, 130 ಸಲ ಬೀಳ್ಕೊಡಬೇಕು. ಒಮ್ಮೆಗೆ ಒಬ್ಬರೇ ಬಂದರೆ ಇಷ್ಟು, ಸಾಮಾನ್ಯವಾಗಿ ನಾಲ್ಕೈದು ಮಂದಿ ಒಟ್ಟಿಗೆ ಇರುತ್ತಾರೆ. ಪಾಠದ ಕಥೆಯೂ ಇದೇ. ಹೊಸಬರು ಬಂದಾಗಲೆಲ್ಲ ಎಬಿಸಿಡಿ, ಬಣ್ಣಗಳು, ಪ್ರಾಣಿಗಳ ಹೆಸರಿನಿಂದ ಶುರು. ಹಿಂದಿನವರು ಎಲ್ಲಿಗೆ ಬಿಟ್ಟರೆಂಬ ದಾಖಲೆ ಇರುವುದಿಲ್ಲ, ಅಲ್ಲಿನ ಖ್ಮೇರ್ ಭಾಷೆ ಬಾರದೆ ವ್ಯಾಕರಣ ವಿವರಿಸಲಾಗುವುದಿಲ್ಲ. ಅದೇ ಊರಿನ ತರಬೇತಾದ ಶಿಕ್ಷಕಿಗೆ ಸಿಗಬೇಕಾದ ಕೆಲಸವೂ ಪುಕ್ಕಟೆಯವರಿಂದಾಗಿ ತಪ್ಪುತ್ತದೆ. ಅಂಕೋರ್‌ವಾಟ್‌ನ ಕಲ್ಲುಗಳ ದುರಸ್ತಿಗೆ ನಮ್ಮ ಪುರಾತತ್ವ ಸರ್ವೇಕ್ಷಣೆಯ ತಜ್ಞರು 1986ರಿಂದ 1993ರವರೆಗೆ ಅಲ್ಲಿ ದುಡಿದರು. ಕಲ್ಲಿಗೆ ಅಷ್ಟು ವರ್ಷ, ಅಷ್ಟು ಪರಿಣತಿ ಬೇಕಾಯಿತು. ಅದರ ಪಕ್ಕದ ಬೀದಿಯ ಮಗುವಿನ ಬಳಿ ಮಾತ್ರ ಯಾರು ಬೇಕಾದರೂ ಹೋಗಬಹುದೇ?

ಯಾರು ಬೇಕಾದರೂ ಎಂಬುದೇ ಇನ್ನೊಂದು ಅಪಾಯ. ಮಕ್ಕಳನ್ನು ಲೈಂಗಿಕವಾಗಿ ದುರ್ಬಳಸುವವರು ಹುಡುಕುವುದೂ ಸಂದರ್ಶನವಿಲ್ಲದ, ಪೊಲೀಸ್ ಪರಿಶೀಲನೆ ಕೇಳದ ಜಾಗವನ್ನೇ. ನಿಮ್ಮನ್ನು ಏನೂ ಕೇಳದೆ ಒಳಗೆ ಬಿಟ್ಟರೆಂದರೆ ಅವರನ್ನೂ ಹಾಗೆಯೇ ಬಿಡುತ್ತಾರೆ.

ನೇಪಾಳದ್ದು ಹೆಚ್ಚುಕಡಿಮೆ ಇದೇ ಕಥೆ. 1996ರಿಂದ 2006ರವರೆಗಿನ ಮಾವೋವಾದಿ ಯುದ್ಧದ ದಿನಗಳಲ್ಲಿ ಹುಮ್ಲಾದಂಥ ದೂರದ ಗುಡ್ಡಗಾಡು ಜಿಲ್ಲೆಗಳಿಂದ 'ಓದಿಸುತ್ತೇವೆ, ಕಾಪಾಡುತ್ತೇವೆ' ಎಂದು ಮಕ್ಕಳನ್ನು ಕಠ್ಮಂಡುವಿಗೆ ತಂದರು. ಇಂದಿಗೂ ಅಲ್ಲಿನ ಬಾಲಗೃಹಗಳಲ್ಲಿ ಬಹುಪಾಲು ಇರುವುದು ಕಠ್ಮಂಡು, ಲಲಿತಪುರ, ಭಕ್ತಪುರ, ಪೋಖರಾ ಇರುವ ಕಾಸ್ಕಿ ಮತ್ತು ಚಿತವನ ಜಿಲ್ಲೆಗಳಲ್ಲಿ, ಅಂದರೆ ಪ್ರವಾಸಿಗರ ದಾರಿಯಲ್ಲೇ. 2015ರ ಏಪ್ರಿಲ್ 25ರ ಭೂಕಂಪದ ನಂತರ ಮಕ್ಕಳ ಸಾಗಣೆ ಹೆಚ್ಚಬಹುದೆಂದು ಹೆದರಿದ ಸರ್ಕಾರ, ದಾಖಲೆಯಿಲ್ಲದೆ ಮಕ್ಕಳನ್ನು ಜಿಲ್ಲೆಯಿಂದ ಹೊರಗೆ ಒಯ್ಯುವುದಕ್ಕೆ ತಡೆ ಹಾಕಬೇಕಾಯಿತು. ಬೇರೆ ದೇಶದವರು ನೇಪಾಳದ ಪ್ರವಾಸಿ ವೀಸಾದಲ್ಲಿ ಸಂಬಳವಿಲ್ಲದ ಕೆಲಸವನ್ನೂ ಮಾಡುವಂತಿಲ್ಲ. ನಮಗೆ ವೀಸಾನೇ ಬೇಡ. ಹಾಗಾಗಿ ಗಡಿಯಲ್ಲಿ ಯಾರೂ ಕೇಳುವುದಿಲ್ಲ, ಕೇಳಿಕೊಳ್ಳಬೇಕಾದವರು ನಾವೇ.

ಇದು ಕೆಲವು ಕಾರ್ಯಕರ್ತರ ಹಟ ಮಾತ್ರ ಎಂದುಕೊಳ್ಳಬೇಡಿ. ಆಸ್ಟ್ರೇಲಿಯಾದ ಸಂಸತ್ತು ತನ್ನ 2018ರ ಆಧುನಿಕ ಗುಲಾಮಗಿರಿ ಕಾಯ್ದೆಯ ಚರ್ಚೆಯಲ್ಲಿ ಅನಾಥಾಶ್ರಮಕ್ಕಾಗಿ ಮಕ್ಕಳ ಸಾಗಣೆಯನ್ನು ಗಂಭೀರವಾಗಿ ಎತ್ತಿಕೊಂಡಿತು. 2019ರ ಡಿಸೆಂಬರ್‌ನಲ್ಲಿ ವಿಶ್ವಸಂಸ್ಥೆಯ ಸಾಮಾನ್ಯ ಸಭೆ ಅಂಗೀಕರಿಸಿದ ಮಕ್ಕಳ ಹಕ್ಕಿನ ನಿರ್ಣಯದಲ್ಲಿ ಅನಾಥಾಶ್ರಮದ ಸ್ವಯಂಸೇವೆ ಮತ್ತು ಪ್ರವಾಸದಿಂದಾಗುವ ಹಾನಿಯ ಪ್ರಸ್ತಾಪ ನೇರವಾಗಿಯೇ ಇದೆ. ಕಾಂಬೋಡಿಯಾ ಸರ್ಕಾರವೂ ಐದು ಪ್ರಾಂತ್ಯಗಳಲ್ಲಿ ಶೇ 30ರಷ್ಟು ಮಕ್ಕಳನ್ನು ಮನೆಗೆ ಮರಳಿಸುವ ಗುರಿ ಹಾಕಿಕೊಂಡಿತು.

ಹಾಗಾದರೆ ಮಕ್ಕಳಿಗೆ ಸಂಬಂಧಿಸಿದ ಕೆಲಸವನ್ನೇ ಮಾಡಬಾರದೇ? ಮಾಡಬಹುದು. ಆದರೆ ಮಕ್ಕಳು ರಾತ್ರಿ ಅವರವರ ಮನೆಗೆ ಹೋಗಿ ಮಲಗುವ ಜಾಗ ಆಗಿರಬೇಕು: ಹಗಲಿನ ಕಲಿಕಾ ಕೇಂದ್ರ, ಊರಿನ ಶಾಲೆ, ವೃತ್ತಿ ತರಬೇತಿ ಕೇಂದ್ರ, ಆಸ್ಪತ್ರೆ. ಅಲ್ಲೂ ಸಂಸ್ಥೆಗೆ ಮೊದಲು ಇಮೇಲ್ ಬರೆದು ಕೆಲವು ಪ್ರಶ್ನೆ ಕೇಳಿ. ಮಕ್ಕಳ ರಕ್ಷಣಾ ನೀತಿಯ ಪ್ರತಿ ಕಳಿಸುತ್ತೀರಾ? ಮಗುವಿನೊಂದಿಗೆ ಒಬ್ಬರೇ ಮುಚ್ಚಿದ ಕೋಣೆಯಲ್ಲಿ ಇರಬಾರದೆಂಬ ನಿಯಮ ಇದೆಯೇ? ನಾನು ಹೋದ ಮೇಲೆ ಆ ಕೆಲಸ ಯಾರು ಮುಂದುವರಿಸುತ್ತಾರೆ? ಸಿಬ್ಬಂದಿಯಲ್ಲಿ ಸ್ಥಳೀಯರು ಎಷ್ಟು ಜನ? ನಾನು ಕಟ್ಟುವ ಹಣದಲ್ಲಿ ಏಜೆನ್ಸಿಗೆ ಎಷ್ಟು, ಸಂಸ್ಥೆಗೆ ಎಷ್ಟು? ಒಳ್ಳೆಯ ಸಂಸ್ಥೆಗೆ ಇವೆಲ್ಲ ರೂಢಿಯ ಪ್ರಶ್ನೆಗಳು, ಉತ್ತರ ಸಿದ್ಧವಾಗಿಯೇ ಇರುತ್ತದೆ. ಅದು ನಿಮ್ಮನ್ನೂ ಕೇಳುತ್ತದೆ: ಇಬ್ಬರು ಪರಿಚಿತರ ಶಿಫಾರಸು, ವಿಡಿಯೋ ಸಂದರ್ಶನ, ಪೊಲೀಸ್ ಪ್ರಮಾಣಪತ್ರ. ಬಹುತೇಕ ಕಡೆ ಮೂರು ತಿಂಗಳಿಗಿಂತ ಕಡಿಮೆ ಅವಧಿಗೆ ಮಕ್ಕಳ ಮುಂದೆ ನಿಲ್ಲಿಸುವುದಿಲ್ಲ. 'ನಾಳೆಯೇ ಬನ್ನಿ, ಮಕ್ಕಳು ಕಾಯ್ತಿದ್ದಾರೆ' ಎಂದು ಉತ್ತರ ಬಂದರೆ ಅಲ್ಲಿಗೆ ಬಿಟ್ಟುಬಿಡಿ.

ಪೊಲೀಸ್ ಪ್ರಮಾಣಪತ್ರದಲ್ಲಿ ನಮ್ಮವರು ಎಡವುವುದು ಹೀಗೆ. ಪಾಸ್‌ಪೋರ್ಟ್ ಕಚೇರಿ ಕೊಡುವ ಪಿಸಿಸಿ (ಪೊಲೀಸ್ ಕ್ಲಿಯರೆನ್ಸ್ ಸರ್ಟಿಫಿಕೇಟ್) ವಿದೇಶದಲ್ಲಿ ಉದ್ಯೋಗ, ದೀರ್ಘಾವಧಿ ವಾಸ, ವಲಸೆಗೆ ಹೋಗುವವರಿಗೆ. ಪ್ರವಾಸಿ ವೀಸಾದಲ್ಲಿ ಹೋಗುವವರಿಗೆ ಅದನ್ನು ಕೊಡುವುದಿಲ್ಲ. ಕೊನೆಯ ವಾರದಲ್ಲಿ ಅರ್ಜಿ ಹಾಕಿ ಕೌಂಟರಿನಿಂದ ವಾಪಸು ಬರುವವರೇ ಹೆಚ್ಚು. ದೀರ್ಘಾವಧಿ ವೀಸಾದ ದಾಖಲೆ ಇಲ್ಲದಿದ್ದರೆ ರಾಜ್ಯ ಪೊಲೀಸರ ಪರಿಶೀಲನಾ ಪ್ರಮಾಣಪತ್ರಕ್ಕೆ ಸೇವಾ ಸಿಂಧು ಮೂಲಕ ಅರ್ಜಿ ಹಾಕಿ, ಅದು ಸಾಕೇ ಎಂದು ಸಂಸ್ಥೆಯನ್ನು ಮೊದಲೇ ಕೇಳಿಕೊಳ್ಳಿ. ಠಾಣೆಯ ವರದಿಗೆ ದಿನ ಹಿಡಿಯುತ್ತದೆ, ಹೊರಡುವುದಕ್ಕೆ ಒಂದೂವರೆ ತಿಂಗಳ ಮೊದಲೇ ಶುರುಮಾಡಿ. ಇನ್ನು ವೀಸಾ: ಕಾಂಬೋಡಿಯಾದ ಪ್ರವಾಸಿ ವೀಸಾ ಕೆಲಸಕ್ಕಲ್ಲ. ತಿಂಗಳುಗಟ್ಟಲೆ ಕೆಲಸ ಮಾಡುವವರು 'ಇ' ವರ್ಗದ ವೀಸಾ ಮಾಡಿಸಿಕೊಳ್ಳಬೇಕು. ಥಾಯ್ಲೆಂಡ್‌ನಲ್ಲಿ ಸಂಬಳವಿಲ್ಲದ ಸ್ವಯಂಸೇವೆಗೂ ವರ್ಕ್ ಪರ್ಮಿಟ್ ಕೇಳುತ್ತಾರೆ. ಅದೇನೂ ಬೇಡ ಎನ್ನುವ ಸಂಸ್ಥೆ ಉಳಿದ ಕಾನೂನನ್ನೂ ಹಾಗೆಯೇ ನೋಡುತ್ತದೆ ಎಂದು ತಿಳಿಯಿರಿ.

ಎರಡೇ ವಾರ ಇರುವುದು ಎನ್ನುವವರು ಮಕ್ಕಳ ಬದಲು ಸಿಬ್ಬಂದಿಗೆ ನೆರವಾಗಲಿ. ಲೆಕ್ಕಪತ್ರ ಬಲ್ಲವರು ಎಕ್ಸೆಲ್‌ನಲ್ಲಿ ಖರ್ಚಿನ ಪಟ್ಟಿ ಮಾಡುವುದನ್ನು ಕಲಿಸಬಹುದು. ಕಂಪ್ಯೂಟರಿನವರು ಕೆಟ್ಟು ಕೂತ ಯಂತ್ರ ಎಬ್ಬಿಸಿಕೊಟ್ಟು, ಬ್ಯಾಕಪ್ ತೆಗೆಯುವುದನ್ನು ಬರೆದಿಟ್ಟು ಬರಬಹುದು. ನರ್ಸಿಂಗ್ ಓದಿದವರು ಶಿಕ್ಷಕರಿಗೆ ಪ್ರಥಮ ಚಿಕಿತ್ಸೆ ಹೇಳಿಕೊಡಬಹುದು. ಗೋಡೆಗೆ ಬಣ್ಣ ಬಳಿಯುವುದು ಮಾತ್ರ ಬೇಡ. ಅಲ್ಲಿನ ಪೇಂಟರ್ ನಿಮಗಿಂತ ಚೆನ್ನಾಗಿ ಬಳಿಯುತ್ತಾನೆ, ಅವನಿಗೆ ಕೂಲಿಯೂ ಆಗುತ್ತದೆ.

ಒಂದೇ ದಿನ ಇದೆಯೇ? ಸಿಯೆಮ್ ರೀಪ್‌ನಲ್ಲಿ ಅಂಕೋರ್‌ಗೆ ಹೋಗುವ ದಾರಿಯಲ್ಲೇ ಜಯವರ್ಮನ್ 7 ಹೆಸರಿನ ಮಕ್ಕಳ ಆಸ್ಪತ್ರೆಯಿದೆ. ಸ್ವಿಟ್ಜರ್ಲೆಂಡಿನ ಮಕ್ಕಳ ವೈದ್ಯ ಬೀಟ್ ರಿಶ್ನರ್ ಕಟ್ಟಿದ ಕಾಂಥಾ ಬೊಫಾ ಆಸ್ಪತ್ರೆಗಳಲ್ಲಿ ಅದೂ ಒಂದು. ಚಿಕಿತ್ಸೆ ಉಚಿತ. ಡೆಂಗಿ ಕಾಲದಲ್ಲಿ ರಕ್ತ ಸಾಲುವುದಿಲ್ಲ, ಪ್ರವಾಸಿಗರಿಂದಲೂ ರಕ್ತ ಸ್ವೀಕರಿಸುತ್ತಾರೆ. ನಮ್ಮ ಎಣಿಕೆಯಲ್ಲಿ ಅಲ್ಲಿಗೆ ಹೋದ ಪ್ರವಾಸಿ ಮಕ್ಕಳಿಗೆ ಮಾಡಬಹುದಾದ ಅತ್ಯಂತ ಉಪಯುಕ್ತ ಕೆಲಸ ಇದೇ. ಜ್ವರದಿಂದ ಈಚೆಗೆ ಎದ್ದವರು, ಹೊಸದಾಗಿ ಹಚ್ಚೆ ಹಾಕಿಸಿಕೊಂಡವರು, ಮಾತ್ರೆ ನುಂಗುತ್ತಿರುವವರು ಮೊದಲೇ ಹೇಳಬೇಕು. ರಕ್ತ ಕೊಟ್ಟ ದಿನ ಬಿಸಿಲಲ್ಲಿ ಸೈಕಲ್ ತುಳಿದು ದೇವಾಲಯ ಸುತ್ತಬೇಡಿ. ಅಲ್ಲಿನ ಸೆಖೆ ನಮ್ಮ ಮಂಗಳೂರಿನ ಮೇ ತಿಂಗಳಿನಂಥದ್ದು, ತಲೆ ತಿರುಗುತ್ತದೆ. ಎಳನೀರು ಕುಡಿದು ಹಾಸ್ಟೆಲಿನಲ್ಲಿ ಬಿದ್ದುಕೊಳ್ಳಿ. ರಕ್ತ ಕೊಡಲಾಗದವರೂ ಗೊತ್ತಿಲ್ಲದೆ ಒಂದಿಷ್ಟು ಕೊಟ್ಟಿರುತ್ತಾರೆ: ಅಂಕೋರ್‌ನ ಪ್ರತಿ ಟಿಕೆಟಿನಿಂದ 2 ಡಾಲರ್ ಈ ಆಸ್ಪತ್ರೆಗಳಿಗೆ ಸಲ್ಲುತ್ತದೆ.

ಹೊಟ್ಟೆಗೆ ಹಾಕುವ ದುಡ್ಡನ್ನೂ ದಾರಿಗೆ ಹಚ್ಚಬಹುದು. ಸಿಯೆಮ್ ರೀಪ್‌ನ ಮರುಮ್, ನೋಮ್ ಪೆನ್‌ನ ರೊಮ್ಡೆಂಗ್ ಎಂಬ ಹೋಟೆಲುಗಳಲ್ಲಿ ಅಡುಗೆ ಮತ್ತು ಬಡಿಸುವ ಕೆಲಸ ಕಲಿಯುತ್ತಿರುವವರು ಬಡ ಮನೆಗಳ, ಬೀದಿಯಲ್ಲಿದ್ದ ಯುವಕರು. ಸಸ್ಯಾಹಾರಿಗಳು ಆರ್ಡರ್ ಕೊಡುವಾಗಲೇ ಮೀನಿನ ಸಾಸ್ ಬೇಡ ಎಂದು ಹೇಳಬೇಕು. ಅಲ್ಲಿ ಅದು ನಮ್ಮ ಇಂಗಿನ ಹಾಗೆ, ಎಲ್ಲದಕ್ಕೂ ಬೀಳುತ್ತದೆ. ಸಂಜೆಗೆ ಸಿಯೆಮ್ ರೀಪ್‌ನಲ್ಲಿ ಫಾರ್ ಸರ್ಕಸ್ ನೋಡಿ. 1994ರಲ್ಲಿ ಬಟ್ಟಂಬಾಂಗ್‌ನಲ್ಲಿ ಶುರುವಾದ ಕಲಾ ಶಾಲೆಯಲ್ಲಿ ಕಲಿತು ದೊಡ್ಡವರಾದವರು ಅಲ್ಲಿ ಸಂಬಳ ಪಡೆದು ಆಡುತ್ತಾರೆ. ಮಗುವನ್ನು ಕುಣಿಸುವ ಆಶ್ರಮಕ್ಕೂ ಇದಕ್ಕೂ ಇರುವ ಅಂತರ ಎದ್ದು ಕಾಣುತ್ತದೆ.

ಬೀದಿಯಲ್ಲಿ ಕೈಗೂಸು ಎತ್ತಿಕೊಂಡು ಬಂದು 'ದುಡ್ಡು ಬೇಡ, ಹಾಲಿನ ಪುಡಿ ಕೊಡಿಸಿ' ಎನ್ನುವವರು ಸಿಗುತ್ತಾರೆ. ತೋರಿಸಿದ ಅಂಗಡಿಯಲ್ಲೇ ಕೊಳ್ಳಬೇಕು, ದುಬಾರಿ ಡಬ್ಬಿಯೇ ಬೇಕು. ನೀವು ಅತ್ತ ಹೋದೊಡನೆ ಡಬ್ಬಿ ಮುಚ್ಚಳ ಒಡೆಯದೆ ಅಂಗಡಿಗೆ ಮರಳುತ್ತದೆ, ಹಣ ಹಂಚಿಕೆಯಾಗುತ್ತದೆ. ಕೈಬಳೆ, ಪೋಸ್ಟ್‌ಕಾರ್ಡ್ ಮಾರುವ ಮಕ್ಕಳಿಂದ ಕೊಳ್ಳಬೇಡಿ. ಸರ್ಕಾರಿ ಶಾಲೆಗಳು ಬೆಳಿಗ್ಗೆ, ಮಧ್ಯಾಹ್ನ ಎಂದು ಎರಡು ಪಾಳಿಯಲ್ಲಿ ನಡೆಯುವುದರಿಂದ 'ನನ್ನ ಶಾಲೆ ಮುಗಿದಿದೆ' ಎಂದು ಮಗು ಹೇಳುತ್ತದೆ, ನಿಜವೂ ಇರಬಹುದು. ಆದರೆ ವ್ಯಾಪಾರ ಚೆನ್ನಾಗಿ ಆದ ಮಗುವನ್ನು ಶಾಲೆಗೆ ಕಳಿಸುವ ಆತುರ ಮನೆಯವರಿಗೆ ಉಳಿಯುವುದಿಲ್ಲ. ಅದೇ ಬಳೆಯನ್ನು ದೊಡ್ಡವರಿಂದ ಕೊಳ್ಳಿ. ಮುದ್ದಿನಿಂದ ಮಗುವಿನ ತಲೆ ಸವರುವ ನಮ್ಮ ಅಭ್ಯಾಸವನ್ನೂ ಅಲ್ಲಿ ಬಿಡಬೇಕು. ಕಾಂಬೋಡಿಯಾದಲ್ಲಿ ತಲೆ ಪವಿತ್ರ, ಅಪರಿಚಿತರು ಮುಟ್ಟುವುದು ಅವಮಾನ.

ಮಗುವಿಗೆ ಹೊಡೆಯುವುದು, ದುಡಿಸುವುದು, ಒಬ್ಬ ವಿದೇಶಿ ಮಗುವನ್ನು ಕೋಣೆಗೆ ಕರೆದೊಯ್ಯುವುದು ಕಣ್ಣಿಗೆ ಬಿದ್ದರೆ ನೀವೇ ಹೋಗಿ ಎಳೆದಾಡಬೇಡಿ, ಫೇಸ್‌ಬುಕ್ಕಿಗೂ ಹಾಕಬೇಡಿ. ಮಗುವನ್ನು ಬೇರೆಡೆ ಸಾಗಿಸಿಬಿಡುತ್ತಾರೆ. ಸಮಯ, ಸ್ಥಳ, ವಾಹನದ ಸಂಖ್ಯೆ ಬರೆದುಕೊಂಡು ಸ್ಥಳೀಯ ಪೊಲೀಸರಿಗೋ ಮಕ್ಕಳ ಸಹಾಯವಾಣಿಗೋ ಹೇಳಿ. ನೇಪಾಳದಲ್ಲಿ ಸಹಾಯವಾಣಿ ಸಂಖ್ಯೆ 1098, ನಮ್ಮದೇ ಸಂಖ್ಯೆ, ನೆನಪಿಟ್ಟುಕೊಳ್ಳುವುದು ಸುಲಭ.

ಕಾಂಬೋಡಿಯಾದವರನ್ನು ಆಡಿಕೊಂಡು ನಾವು ಸುಮ್ಮನಾಗುವಂತಿಲ್ಲ. ಬೆಂಗಳೂರು, ಮೈಸೂರಿನಲ್ಲಿ ಹುಟ್ಟುಹಬ್ಬಕ್ಕೆ, ತಿಥಿಗೆ ಆಶ್ರಮದ ಮಕ್ಕಳಿಗೆ ಊಟ ಹಾಕಿಸಿ, ಸಾಲಾಗಿ ಕೂರಿಸಿ ಫೋಟೊ ತೆಗೆಸಿಕೊಂಡು ಸ್ಟೇಟಸ್‌ಗೆ ಹಾಕುವುದು ಅದೇ ಜಾತಿಯದು. ಒಂದೇ ಭಾನುವಾರ ಮೂರು ಮನೆಯವರ ಕೇಕು ತಿಂದು ಮೂರು ಸಲ ಚಪ್ಪಾಳೆ ತಟ್ಟುವ ಮಗುವಿನ ಹುಟ್ಟುಹಬ್ಬ ಯಾವತ್ತೆಂದು ಯಾರೂ ಕೇಳಿರುವುದಿಲ್ಲ. ಪಾಲನೆ ಮತ್ತು ರಕ್ಷಣೆ ಅಗತ್ಯವಿರುವ ಮಗುವಿನ ಗುರುತು ಬಹಿರಂಗಪಡಿಸುವುದು 2015ರ ಬಾಲನ್ಯಾಯ ಕಾಯ್ದೆಯ 74ನೇ ಕಲಮಿನಡಿ ಅಪರಾಧ: ಆರು ತಿಂಗಳವರೆಗೆ ಸಜೆ, ಇಲ್ಲವೇ 2 ಲಕ್ಷ ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. ನೋಂದಣಿಯಿಲ್ಲದೆ ಆಶ್ರಮ ನಡೆಸುವುದು 42ನೇ ಕಲಮಿನಡಿ ಶಿಕ್ಷಾರ್ಹ. ಊಟ ಹಾಕಿಸುವ ಮೊದಲು ನೋಂದಣಿ ಪತ್ರ ತೋರಿಸಿ ಎಂದು ಕೇಳುವ ದಾನಿಗಳು ಎಷ್ಟು ಮಂದಿ? ಮಗುವನ್ನು ಮನೆಯಲ್ಲೇ ಉಳಿಸಲು ಕೇಂದ್ರ ಸರ್ಕಾರದ ಮಿಷನ್ ವಾತ್ಸಲ್ಯ ಯೋಜನೆಯಲ್ಲಿ ತಿಂಗಳಿಗೆ 4,000 ರೂಪಾಯಿ ಪ್ರಾಯೋಜಕತ್ವ ನೆರವಿದೆ. ಗಂಡ ಸತ್ತ ಮೇಲೆ ಮಗುವನ್ನು ಆಶ್ರಮಕ್ಕೆ ಸೇರಿಸಲು ಹೊರಟ ತಾಯಿ ನಿಮ್ಮ ಬೀದಿಯಲ್ಲಿದ್ದರೆ ಅರ್ಜಿ ತುಂಬಿಸಿಕೊಂಡು ಜಿಲ್ಲಾ ಮಕ್ಕಳ ರಕ್ಷಣಾ ಘಟಕಕ್ಕೆ ಕರೆದುಕೊಂಡು ಹೋಗಿ. ಇದಕ್ಕೆ ಪಾಸ್‌ಪೋರ್ಟ್ ಬೇಡ.

ಕೊನೆಯದಾಗಿ ತಮ್ಮಲ್ಲೂ ಒಂದು ವಿನಂತಿ. ತಮ್ಮ ಪ್ರವಾಸ ಪುರವಣಿಗೆ ಓದುಗರು ಕಳಿಸುವ ಲೇಖನಗಳಲ್ಲಿ ವಿದೇಶದ ಆಶ್ರಮದ ಮಕ್ಕಳನ್ನು ತಬ್ಬಿಕೊಂಡ ಚಿತ್ರ ಬಂದರೆ ದಯವಿಟ್ಟು ಅಚ್ಚು ಹಾಕಬೇಡಿ. ಚಿತ್ರ ಬೇಕೇ ಬೇಕೆಂದರೆ ಮಕ್ಕಳ ಮುಖ, ಶಾಲೆಯ ಸಮವಸ್ತ್ರದ ಹೆಸರು, ಆಶ್ರಮದ ಫಲಕ ಮೂರನ್ನೂ ಮಸುಕು ಮಾಡಿ. ಜಾಲತಾಣದ ಆವೃತ್ತಿಗೆ ಹಾಕುವ ಮುನ್ನ ಮೊಬೈಲ್ ಚಿತ್ರದೊಳಗೆ ಸೇರಿಕೊಂಡಿರುವ ಸ್ಥಳದ ಮಾಹಿತಿಯನ್ನೂ ಅಳಿಸಿ.

ಇತಿ,
ಮಕ್ಕಳ ರಕ್ಷಣಾ ಕ್ಷೇತ್ರದ ಕೆಲವು ಕಾರ್ಯಕರ್ತರು, ಬೆಂಗಳೂರು